ಕೊನೆಯ ಟ್ಯೂಬು

ಮೊನ್ನೆ ಚಂದ್ರಾ ಲೇಔಟಿನ ನಮ್ಮ ಮನೆಯ ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಮೇಡಂ ನೆನಪಾದರು...

ನಾಯಂಡಹಳ್ಳಿಯ ಗೋಡೌನುಗಳ ಹಿಂದೆ ಅವರದೊಂದು ಸಣ್ಣ ಲ್ಯಾಬಿತ್ತು. ಎಂಎಸ್ಸಿ ಮುಗಿಸಿ ಅಲ್ಲಿಗೆ ಸೇರಿದಾಗ ನನಗೆ ಎಲ್ಲ ಬಲ್ಲೆನೆಂಬ ಕೊಬ್ಬು. ಮೇಡಂ ಎಷ್ಟೋ ವರ್ಷದಿಂದ ಒಂದೇ ಪ್ರೋಟೀನಿನ ಬೆನ್ನು ಬಿದ್ದಿದ್ದರು. ಕಿಟಕಿಯಾಚೆ ಮೂಟೆ ಹೊರುತ್ತಿದ್ದ ಹಮಾಲಿಗಳನ್ನು ತೋರಿಸಿಯೇ ನನಗೆ ಪಾಠ ಹೇಳಿದರು. ಜೀವಕೋಶದೊಳಗೂ ಒಂದು ಗೋಡೌನಿದೆ. ಅಲ್ಲಿಗೆ ಬಂದ ಕೊಲೆಸ್ಟರಾಲನ್ನು ಹೊರಗೆ ದಾಟಿಸುವ ಹಮಾಲಿಯೇ ಈ ಪ್ರೋಟೀನು. ಅದು ಕೈಕೊಟ್ಟರೆ ಸರಕು ಒಳಗೇ ರಾಶಿ ಬೀಳುತ್ತದೆ, ಮಿದುಳು ಸೊರಗುತ್ತದೆ, ಓಡಾಡುತ್ತಿದ್ದ ಮಗು ನಡೆಯುವುದನ್ನೇ ಮರೆಯುತ್ತದೆ.

ಅಂಥ ಕಾಯಿಲೆಯ ಹುಡುಗನೊಬ್ಬನ ಚರ್ಮದಿಂದ ತೆಗೆದ ಕೋಶಗಳನ್ನು ಮೇಡಂ ಬೆಳೆಸುತ್ತಿದ್ದರು. ಬಾಟಲಿಯ ಮೇಲೆ ಬರೀ ನಂಬರು. ಒಂದು ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳ ತುಂಬ ಕಾಳು ಕಾಳು. ಸೋಂಕು ತಗುಲಿದೆ ಎಂದು ನಾನೇ ತೀರ್ಮಾನಿಸಿ, ಯಾರನ್ನೂ ಕೇಳದೆ ಬ್ಲೀಚ್ ಸುರಿದು ಎಲ್ಲ ಕೊಂದುಬಿಟ್ಟೆ.

ಮೇಡಂ ಬೈಯಲಿಲ್ಲ. "ಅದು ಸೋಂಕಲ್ಲ ಕಣೇ. ಹೊರಗೆ ಹೋಗೋಕಾಗ್ದೆ ಸಿಕ್ಕಾಕೊಂಡಿರೋ ಕೊಲೆಸ್ಟರಾಲು. ಆ ಕಾಯಿಲೆ ಕಾಣ್ಸೋದೇ ಹಂಗೆ," ಎಂದರು. ನಾಚಿಕೆಯಿಂದ ನಾನು ಕುಗ್ಗಿಹೋದೆ. ಹುಡುಗ ಎಂದೋ ತೀರಿಹೋಗಿದ್ದ. ಅವನ ಕೋಶಗಳಿದ್ದ ಒಂದೇ ಒಂದು ಟ್ಯೂಬು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿ ಉಳಿದಿತ್ತು. ಅದೂ ಹಾಳಾದರೆ ಮತ್ತೆ ಸಿಗುವಂತಿರಲಿಲ್ಲ. ಮೇಡಂ ಅದನ್ನು ತೆಗೆದು ನನ್ನ ಕೈಗೇ ಕೊಟ್ಟರು.

"ನೀನೇ ಬೆಳೆಸು."

"ಬೇಡ ಮೇಡಂ, ನೀವೇ ಮಾಡಿ..."

"ಈ ತಪ್ಪನ್ನ ಬೇರೆ ಯಾರಾದ್ರೂ ಮಾಡ್ಬಹುದು. ನೀನಂತೂ ಇನ್ನು ಮಾಡಲ್ಲ."

ಎರಡು ವಾರ ನನಗೆ ಊಟ ಸೇರಲಿಲ್ಲ. ಕೊನೆಗೂ ಕೋಶಗಳು ಬಾಟಲಿಯ ತಳಕ್ಕೆ ಅಂಟಿಕೊಂಡು ಬೆಳೆದವು, ಅದೇ ಕಾಳುಗಳೊಂದಿಗೆ. ಮೇಡಂ ತುಂಬ ಹೊತ್ತು ಕಣ್ಣಿಟ್ಟು ನೋಡಿದರು.

"ನನ್ನ ತಮ್ಮ," ಎಂದರು. "ಅವನಿಗೆ ಕಣ್ಣು ಕೆಳಗೆ ಹೊರಳ್ತಿರ್ಲಿಲ್ಲ. ಮೆಟ್ಟಿಲು ಇಳಿಯೋವಾಗ ನನ್ನ ಕೈ ಹಿಡ್ಕೋತಿದ್ದ. ಹನ್ನೆರಡನೇ ವಯಸ್ಸಿಗೇ ಹೋದ."

ಆಮೇಲೆ ಆ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ...

ಹೋದ ವರ್ಷ ಮೇಡಂ ತೀರಿಕೊಂಡರು. ಲ್ಯಾಬನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ, ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ. ಆ ಒಂದು ಟ್ಯೂಬಿನಿಂದ ಡಬ್ಬಿ ತುಂಬ ಟ್ಯೂಬುಗಳಾಗಿವೆ. ಹೊಸದಾಗಿ ಸೇರಿದವರ ಕೈಯಿಂದ ಮೊದಲು ಬ್ಲೀಚ್ ಬಾಟಲಿ ಕಿತ್ತಿಟ್ಟು, ಆಮೇಲೆ ಕಾಳುಗಳನ್ನು ತೋರಿಸುತ್ತೇನೆ. ಎಲ್ಲ ಸರಿ, ಮೇಡಂ ಮಾತ್ರ ಇಲ್ಲ. ಟ್ಯೂಬುಗಳ ಮೇಲೆ ಈಗಲೂ ಬರೀ ನಂಬರು. ಅದು ಯಾರ ತಮ್ಮ ಎಂದು ಗೊತ್ತಿರುವವಳು ಈಗ ನಾನೊಬ್ಬಳೇ.