ಆ ದಿನ ನೀರಿನಲ್ಲಿ ಹೆದರಿದವಳು

ವೈನಿ, ಮಾಲವಣದ ಸಮುದ್ರದಲ್ಲಿ ಗಾಬರಿಬಿದ್ದವಳು ನಾನು. ನಿಮ್ಮ ಹೆಸರು ಹೇಳಿದವಳೂ ನಾನೇ. ಇದು ನಿಮಗೆ ಗೊತ್ತು, ನನಗೆ ಗೊತ್ತು — ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ನಾನು ಅದನ್ನು ಹಾಗೆಯೇ ಇರಗೊಟ್ಟೆ.

ಸ್ಕೂಬಾ ಕಲಿಯುವ ಹುಚ್ಚು ಹಿಡಿದದ್ದು ನನಗೆ. ಆಫೀಸಿನಲ್ಲಿ ಯಾರೋ ಸಮುದ್ರದ ತಳದ ಫೋಟೋ ತೋರಿಸಿ ಮೆರೆದಿದ್ದರು; ನಾನೇನು ಕಡಿಮೆ ಎಂದು ಹೆಸರು ಹಚ್ಚಿಬಿಟ್ಟೆ. ಒಬ್ಬಳೇ ಹೋಗಲು ಧೈರ್ಯವಿಲ್ಲದೆ ನಿಮ್ಮನ್ನೂ ಎಳೆದುಕೊಂಡು ಹೋದೆ. ಅಣ್ಣನನ್ನು ಮದುವೆಯಾಗಿ ಕೋಥರೂಡಿನ ಎರಡು ಕೋಣೆಯ ಮನೆಗೆ ಬಂದಿದ್ದ ನೀವು ವಿಜಾಪುರದ ಬಾವಿಯಲ್ಲಿ ಈಜಿ ಬೆಳೆದವರು. ಭಾನುವಾರ ಬೆಳಿಗ್ಗೆ ಈಜುಕೊಳದ ತಳದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಕಟ್ಟೆಯ ಮೇಲೆ ಕುಳಿತಷ್ಟು ಆರಾಮಾಗಿ ಕೂಡುತ್ತಿದ್ದಿರಿ. ವಾರವೆಲ್ಲ ನೀವು ಆ ಒಂದು ತಾಸಿಗಾಗಿ ಕಾಯುತ್ತಿದ್ದುದನ್ನು ನಾನು ನೋಡಿದ್ದೆ.

ನಾನೋ — ಮಾಸ್ಕಿನೊಳಗೆ ತುಸು ನೀರು ನುಗ್ಗಿದರೆ ಸಾಕು, ಮೇಲಕ್ಕೆ ಜಿಗಿಯುವವಳು. ಮಾಸ್ಕಿನ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಉಸಿರು ಬಿಟ್ಟರೆ ನೀರು ಹೊರಹೋಗುತ್ತದೆ, ಅಷ್ಟೇ. ಆ ಅಷ್ಟೇ ನನಗೆ ಬರುತ್ತಿರಲಿಲ್ಲ. ನೀವು ಎದುರಿಗೆ ಮೊಣಕಾಲೂರಿ, ನನ್ನ ಕೈ ಹಿಡಿದು, ಮತ್ತೆ ಮತ್ತೆ ಮಾಡಿ ತೋರಿಸಿದಿರಿ. ನನ್ನ ಉಸಿರು ಹದಕ್ಕೆ ಬರುವವರೆಗೆ ಕೈ ಬಿಡಲಿಲ್ಲ. ಆದರೆ ಕಲಿಸುತ್ತಿದ್ದ ಸರ್ ಬೆನ್ನು ತಟ್ಟಿದ್ದು ನನ್ನದು — ಅವರೊಡನೆ ಮರಾಠಿಯಲ್ಲಿ ಪಟಪಟ ಮಾತಾಡುವವಳು ನಾನು, ನಿಮ್ಮದು ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ.

ಸರ್ ನೌಕಾಪಡೆಯಲ್ಲಿದ್ದವರು, ಶಿಸ್ತಿನ ಮನುಷ್ಯ. ನೀರೊಳಗೆ ಗಾಬರಿಯಾಗಿ ಜೊತೆಯವರನ್ನು ಹಿಡಿದೆಳೆದವರು ಮತ್ತೆ ಕೊಳಕ್ಕೇ ವಾಪಸ್, ಸರ್ಟಿಫಿಕೇಟ್ ಇಲ್ಲ ಎಂದು ಮಾಲವಣದಲ್ಲಿ ಸಮುದ್ರಕ್ಕಿಳಿಯುವ ಮೊದಲೇ ಹೇಳಿದ್ದರು. ಅವರು ಇನ್ನಿಬ್ಬರನ್ನು ಕರೆದುಕೊಂಡು ತುಸು ಮುಂದೆ ಹೋಗಿದ್ದಾಗ ನನ್ನ ಮಾಸ್ಕಿಗೆ ನೀರು ನುಗ್ಗಿತು. ಕಲಿತದ್ದೆಲ್ಲ ಮರೆತುಹೋಯಿತು. ಬಾಯಲ್ಲಿದ್ದ ಗಾಳಿಯ ನಳಿಗೆ ಉಗುಳಿ, ನಿಮ್ಮ ಬಾಯಿಂದ ನಿಮ್ಮದನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ವೈನಿ — ಬೇರೆ ಮಾತಿಲ್ಲ ಅದಕ್ಕೆ. ನೀವು ನೀರು ನುಂಗುತ್ತಲೇ ತಡಕಾಡಿ, ನಿಮ್ಮ ಸಿಲಿಂಡರಿಗೆ ತುರ್ತಿಗೆಂದು ಜೋಡಿಸಿದ್ದ ಇನ್ನೊಂದು ನಳಿಗೆ ಬಾಯಿಗಿಟ್ಟುಕೊಂಡಿರಿ, ನನ್ನ ಸಿಲಿಂಡರಿನ ಪಟ್ಟಿ ಬಿಗಿಯಾಗಿ ಹಿಡಿದು ನಿಧಾನವಾಗಿ ಮೇಲೆ ತಂದಿರಿ.

ಮೇಲೆ ಬಂದಾಗ ನೀವು ಉಪ್ಪುನೀರು ಕಾರುತ್ತಿದ್ದಿರಿ. ನನಗೆ ಮಾತು ಬರುತ್ತಿತ್ತು — ನಿಮ್ಮ ಗಾಳಿ ಕುಡಿದಿದ್ದೆನಲ್ಲ.

"ಕೋಣ್ ಘಾಬರ್ಲಂ?" ಯಾರು ಹೆದರಿದ್ದು ಎಂದು ಸರ್ ಕೇಳಿದರು.

"ವಹಿನೀ," ಎಂದೆ.

ನೀವು ನನ್ನನ್ನೇ ನೋಡಿದಿರಿ. ಆಮೇಲೆ ಕೆಮ್ಮುತ್ತಲೇ ಅವರ ಕಡೆ ತಿರುಗಿ, "ಹೌದ್ರಿ ಸರ್, ನಾನೇ ಅಂಜಿದ್ನಿ," ಎಂದಿರಿ. ಅದನ್ನೂ — ಅದನ್ನೂ ಮರಾಠಿ ಮಾಡಿ ಅವರಿಗೆ ಹೇಳಿದವಳು ನಾನೇ. ಬಾಯಿ ತಪ್ಪಿ ಬಂದ ಮಾತು ಎನ್ನಲು ಬರುವುದಿಲ್ಲ. ದೋಣಿ ದಂಡೆ ಮುಟ್ಟುವವರೆಗೆ ಬೇಕಾದಷ್ಟು ಹೊತ್ತಿತ್ತು.

"ಬಾವ್ಯಾಗಿನ ಕಪ್ಪಿ ಸಮುದ್ರಾ ನೋಡಿ ಅಂಜ್ತು, ಸಾಕಿನ್ನ ಈ ಹುಚ್ಚಾಟ," ಎಂದು ಮನೆಯಲ್ಲಿ ಸುದ್ದಿ ಕೇಳಿದ ಅಣ್ಣ ನಕ್ಕ. ನೀವು ಮತ್ತೆ ನೀರಿಗಿಳಿಯಲೇ ಇಲ್ಲ. ನಾನು ಇಳಿಯುತ್ತಲೇ ಹೋದೆ, ಪಳಗಿದೆ. ಈಗ ರಜೆಯಲ್ಲಿ ಹೊಸಬರಿಗೆ ಕಲಿಸಲು ನಿಲ್ಲುತ್ತೇನೆ — ನೀವು ಹಿಡಿದ ಹಾಗೆಯೇ ಕೈ ಹಿಡಿದು. ಇಷ್ಟು ತಾಳ್ಮೆ ಎಲ್ಲಿ ಕಲಿತಿರಿ ಎಂದು ಅವರು ಕೇಳಿದರೆ ಸುಮ್ಮನೆ ನಗುತ್ತೇನೆ. ನಾಚಿಕೆಗೇಡು.

ಕಳೆದ ಭಾನುವಾರ ಊಟಕ್ಕೆ ಕುಳಿತಾಗ ನಿಮ್ಮ ಮಗಳು ಪಲ್ಲವಿ, "ಆತ್ಯಾ, ನನಗೂ ಕಲಸ್ತೀಯೇನು?" ಎಂದಳು. ನನಗಿಂತ ಮೊದಲು ಅಣ್ಣ ಬಾಯಿ ಹಾಕಿದ: "ಏನೂ ಬ್ಯಾಡ. ನಿಮ್ಮವ್ವನ ಹಂಗ ನೀನೂ ಅಂಜಬುರುಕಿ." ಹುಡುಗಿ ನಿಮ್ಮತ್ತ ನೋಡಿದಳು. ಸಿಟ್ಟಿನಿಂದಲ್ಲ — ಕನಿಕರದಿಂದ. ಅದನ್ನು ನಾನು ಕಂಡೆ, ನೀವೂ ಕಂಡಿರಿ. "ಇನ್ನಷ್ಟು ಸಾರು ಹಾಕ್ಲೇನು ಸುಧಾ?" ಎಂದು ನನ್ನ ಕಡೆ ಬಂದಿರಿ. ನಾನು ತಾಟು ಮುಂದೆ ಮಾಡಿದೆ.

ನಿಮ್ಮೊಬ್ಬರ ಹತ್ತಿರ ಅಡುಗೆಮನೆಯಲ್ಲಿ ಕ್ಷಮೆ ಕೇಳಿ ಮುಗಿಸಿಬಿಡೋಣ ಎನ್ನಿಸಿತ್ತು. ಅದೂ ಹೇಡಿತನವೇ. "ಹೋಗ್ಲಿ ಬಿಡು," ಎನ್ನುತ್ತೀರಿ, ಮತ್ತೆ ನನ್ನ ಮಾನ ಮುಚ್ಚುತ್ತೀರಿ. ಪಲ್ಲವಿ ಮಾತ್ರ ತಾಯಿಯನ್ನು ಹಾಗೆಯೇ ತಿಳಿದುಕೊಂಡು ಬೆಳೆಯುತ್ತಾಳೆ. ಬೇಡ. ಈ ಭಾನುವಾರ ಊಟದ ಹೊತ್ತಿಗೆ, ಅಣ್ಣನ ಎದುರು, ಪಲ್ಲವಿಯ ಎದುರು ಎಲ್ಲವನ್ನೂ ಹೇಳುತ್ತೇನೆ. ಆಗ ದಯವಿಟ್ಟು ನನ್ನ ಮಾತಿಗೆ ಅಡ್ಡ ಬರಬೇಡಿ, ವೈನಿ.