ಹೆಡರ್ ಹುಡುಕಿದ ಭಾನುವಾರ

ಇವತ್ತು ಬೆಳಗ್ಗೆ ಬಟವಾಡಿಯ ನನ್ನ ಬಾಡಿಗೆ ಮನೆಯ ಬಾಗಿಲ ಸಂದಿಯಲ್ಲಿ ಒಂದು ಲಕೋಟೆ ಬಿದ್ದಿತ್ತು. ಒಡೆದಾಗ, ಓದುವುದಕ್ಕೂ ಮೊದಲು ಮೂಗಿಗೆ ಬಂದದ್ದು ಕಂದಿದ ಕಾಗದದ ವಾಸನೆ. ಹಪ್ಪಳ ಸುಡುವಾಗ ಒಂದು ಗಳಿಗೆ ಮೈಮರೆತರೆ ಬರುವ ವಾಸನೆಗೆ ಇದು ದೂರದ ನೆಂಟ. ಕಾರ್ಡಿನ ಅಂಚಿನುದ್ದಕ್ಕೂ ಬಳ್ಳಿ, ನಡುವೆ ಒಂದು ತೊಟ್ಟಿಲು; ಲೇಸರ್ ಯಂತ್ರ ಕೊರೆದ ಸಣ್ಣ ಸಣ್ಣ ಕಿಂಡಿಗಳ ಅಂಚು ಟೀ ಬಣ್ಣಕ್ಕೆ ತಿರುಗಿತ್ತು. ಅಮೃತೂರಿನ ಕೆಂಪಣ್ಣನವರ ಮೊಮ್ಮಗಳ ನಾಮಕರಣ. ಕುರ್ಚಿಯಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾರ್ಡನ್ನು ಇನ್ನೊಮ್ಮೆ ಮೂಸಿದೆ.

ಈ ವಾಸನೆ ನನ್ನನ್ನು ಕರೆದೊಯ್ಯುವುದು ಎರಡು ವರ್ಷದ ಹಿಂದಿನ ಒಂದು ಭಾನುವಾರಕ್ಕೆ, ತುಮಕೂರು ಪೇಟೆಯ ಒಳಬೀದಿಯಲ್ಲಿರುವ ಶಮೀಮ್ ಅವರ ಕಾರ್ಡ್ ಅಂಗಡಿಗೆ. ಅಲ್ಲಿ ನಡೆದದ್ದನ್ನು ನಿಮಗೆ ಹೇಳುತ್ತೇನೆ, ಆದರೆ ಒಂದು ಷರತ್ತು. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ಕಾಲೇಜು ದಿನಗಳಿಂದ ಡೈರಿ ಬರೆಯುತ್ತಾ ಬಂದಿದ್ದೇನೆ. ಅದನ್ನು ತಿರುವಿ ಹಾಕಿದಾಗಲೆಲ್ಲ ನನ್ನ ನೆನಪು ಒಂದು ಕಡೆ, ಡೈರಿ ಇನ್ನೊಂದು ಕಡೆ ಮುಖ ಮಾಡಿ ಕೂತಿರುತ್ತವೆ.

ಶಮೀಮ್ ಮದುವೆ ಕಾರ್ಡು ಮಾಡುವ ಹೆಣ್ಣುಮಗಳು. ಕುರ್‌ಆನಿನ ಸಾಲಿನಿಂದ ಶುರುವಾಗುವ ಕಾರ್ಡೂ ಸರಿ, ಕುಲದೇವರ ಪ್ರಸನ್ನದಿಂದ ಶುರುವಾಗುವ ಕಾರ್ಡೂ ಸರಿ, ಅವರ ಕೈಯಲ್ಲಿ ಕಾಗುಣಿತ ತಪ್ಪುವುದಿಲ್ಲ. ಗುಬ್ಬಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೂ ಅವರಿಗೂ ಸ್ನೇಹವಾದದ್ದು ಅವರ ಕಂಪ್ಯೂಟರಿಗೆ ವೈರಸ್ ಹತ್ತಿದಾಗ. ವಿಶ್ವವಿದ್ಯಾಲಯದಲ್ಲಿದ್ದಾಗ ನಾನು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಭಕ್ತನಾಗಿದ್ದೆ. ಭಕ್ತರ ಸ್ವಭಾವ ನಿಮಗೆ ಗೊತ್ತಲ್ಲ, ಇನ್ನೊಬ್ಬರನ್ನು ಸೇರಿಸದೆ ನಿದ್ದೆ ಬರುವುದಿಲ್ಲ. ಅವರ ಅಂಗಡಿಗೂ ಅದನ್ನೇ ಹಾಕಿಕೊಟ್ಟೆ. ಅಲ್ಲಿಂದಾಚೆ ಆ ಕಂಪ್ಯೂಟರ್ ಕೆಮ್ಮಿದರೂ ಫೋನು ನನಗೇ.

ಆ ಭಾನುವಾರದ ಫೋನಿಗೆ ಕಾರಣ ಲೇಸರ್‌ನಿಂದ ಕಾಗದ ಕತ್ತರಿಸುವ ಯಂತ್ರ. ಅದರ ಒಳಗಿನ ಬೋರ್ಡು ಸುಟ್ಟು, ಕುಣಿಗಲ್‌ನಲ್ಲಿ ರಿಪೇರಿಗೆ ಕೊಟ್ಟು, ಬೇರೆ ಬೋರ್ಡು ಹಾಕಿಸಿ ತಂದಿದ್ದರು. ಯಂತ್ರ ಸರಿಯಾಗಿತ್ತು, ಆದರೆ ಕಂಪ್ಯೂಟರಿಗೆ ಈ ಹೊಸ ಬೋರ್ಡಿನ ಭಾಷೆ ತಿಳಿಯದು. ಇಬ್ಬರ ನಡುವೆ ಮಾತಾಡಿಸುವ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮು ಬೇಕು. ಯಾವುದೋ ದೇಶದ ಪುಣ್ಯಾತ್ಮರೊಬ್ಬರು ಅದನ್ನು ಬರೆದು ಅಂತರ್ಜಾಲದಲ್ಲಿ ಇಟ್ಟಿದ್ದರು. ನಾವು ಇಳಿಸಿಕೊಂಡು, ನಮ್ಮ ಕಂಪ್ಯೂಟರಿಗೆ ಹೊಂದುವಂತೆ ಕಟ್ಟಿಕೊಳ್ಳಬೇಕು, ಅಂದರೆ ಕಂಪೈಲ್ ಮಾಡಬೇಕು. ಅರ್ಧ ಗಂಟೆಯ ಕೆಲಸ ಎಂದು ನಾನು ಫೋನಿನಲ್ಲೇ ಹೇಳಿಬಿಟ್ಟೆ.

ಅಂಗಡಿಗೆ ಹೋದರೆ ಬೆಂಚಿನ ಮೇಲೆ ಕೆಂಪಣ್ಣ ಕೂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಾಲ ಬಳಿ ಖಾಲಿ ಬ್ಯಾಗು. ಮಗಳ ಮದುವೆ ಕಾರ್ಡು ತೆಗೆದುಕೊಂಡು ಹೋಗಲು ಬಂದವರು. ಮರುದಿನ ಸೋಮವಾರ ಬೆಳಗ್ಗೆ ಮೊದಲ ಕಾರ್ಡನ್ನು ಮನೆದೇವರ ಮುಂದೆ ಇಡಬೇಕು, ಆಮೇಲಷ್ಟೇ ನೆಂಟರಿಗೆ ಹಂಚುವುದು. ಆ ಸೋಮವಾರ ಬಿಟ್ಟರೆ ಮದುವೆಗೆ ಮೊದಲು ಒಳ್ಳೆಯ ದಿನವಿಲ್ಲವೆಂದು ಪಂಚಾಂಗ ನೋಡಿದವರು ಹೇಳಿದ್ದರು. ಅಕ್ಷರಗಳು ಅಚ್ಚಾಗಿದ್ದವು. ಅಂಚಿನ ಬಳ್ಳಿ, ನವಿಲು ಕತ್ತರಿಸುವುದಷ್ಟೇ ಬಾಕಿ. ಸಂಜೆ ಅಮೃತೂರಿನ ಕಡೆ ಹೋಗುವ ಕೊನೆಯ ಪ್ರೈವೇಟ್ ಬಸ್ಸಿಗೆ ಅವರು ಹೋಗಬೇಕು.

"ನವಿಲಿಲ್ದೆ ಹಂಗೇ ಕೊಟ್ಬಿಡ್ಲಾ ಕೆಂಪಣ್ಣ?" ಎಂದು ಶಮೀಮ್ ಕೇಳಿದ್ದರಂತೆ.

"ಮಗಳು ಆರಿಸಿರೋದೇ ನವಿಲು ಕಣಮ್ಮ. ಗಂಡನ್ನ ನಾನು ನೋಡ್ದೆ, ನವಿಲನ್ನ ಅವ್ಳು ನೋಡಿದ್ಲು. ಅದೂ ಇಲ್ಲ ಅಂದ್ರೆ ಮನೇಲಿ ನಾನ್ ಇರೋಕಾಗಲ್ಲ."

ನಾನು ಕೆಲಸಕ್ಕೆ ಕೂತೆ. ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಬೇಸರಿಸಬೇಡಿ. ಕಂಪ್ಯೂಟರಿನ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಡ್ರೈವರ್ ಕಟ್ಟಬೇಕಾದರೆ ಆ ಕರ್ನಲ್‌ನ ಅಳತೆಗಳು ಬೇಕು. ಆ ಅಳತೆಗಳ ಕಟ್ಟಿಗೆ ಹೆಡರ್ ಪ್ಯಾಕೇಜು ಎಂದು ಹೆಸರು. ಕರ್ನಲ್ ಕಾಲಕಾಲಕ್ಕೆ ಹೊಸದಾಗುತ್ತದೆ, ಪ್ರತಿಯೊಂದಕ್ಕೂ ಅದರದೇ ಹೆಡರ್. ಹುಡುಕಿದರೆ ಒಂದೇ ಮನೆತನದ ಹೆಸರಿಟ್ಟುಕೊಂಡ ಅಣ್ಣತಮ್ಮಂದಿರ ಹಾಗೆ ಸಾಲಾಗಿ ಬಂದು ನಿಲ್ಲುತ್ತವೆ. ನಾನು ಮೊದಲು ಹಾಕಿದ್ದು ಬೇರೆ ಕೆಲಸಕ್ಕೆ ಬಳಸುವ ಹೆಡರ್. ಸಾಮಾನ್ಯ ಪ್ರೋಗ್ರಾಮುಗಳಿಗೆ ಅದು ಸಾಕು, ಡ್ರೈವರಿಗೆ ಸಾಲದು. ಅದು ಗೊತ್ತಾದ ಮೇಲೆ, ಇರುವುದರಲ್ಲೆಲ್ಲ ಹೊಸತು ಯಾವುದೋ ಅದನ್ನು ಹಾಕಿದೆ. ಈ ಸಲ ಡ್ರೈವರ್ ಸಲೀಸಾಗಿ ಸಿದ್ಧವಾಯಿತು. ಗೆದ್ದೆ ಎಂದುಕೊಂಡು ಶಮೀಮ್ ಕೊಟ್ಟ ಟೀ ಕುಡಿದೆ. ಸಿದ್ಧವಾದ ಡ್ರೈವರನ್ನು ಒಳಗೆ ಸೇರಿಸಲು ಹೋದರೆ ಕಂಪ್ಯೂಟರ್ ಒಂದೇ ಸಾಲಿನಲ್ಲಿ ತಳ್ಳಿಹಾಕಿತು. ಅಳಿಸಿದೆ, ಮತ್ತೆ ಕಟ್ಟಿದೆ, ಮತ್ತೆ ಅದೇ ಸಾಲು.

"ಏನ್ ಸಾ ಅದು, ಬೆಳಗ್ಗಿಂದ ಹೆಡ್ರು ಹೆಡ್ರು ಅಂತಿದೀರಿ," ಎಂದರು ಕೆಂಪಣ್ಣ.

ಮೇಷ್ಟರಿಗೆ ಪ್ರಶ್ನೆ ಕೇಳಿದರೆ ಉದಾಹರಣೆ ಕೊಡದೆ ಇರಲಾಗುವುದಿಲ್ಲ. "ಅದು ಟೈಲರ್ ಬರ್ಕೊಳ್ಳೋ ಅಳತೆ ಚೀಟಿ ಇದ್ದಂಗೆ ಕೆಂಪಣ್ಣ. ಚೀಟಿ ನೋಡಿ ಶರ್ಟ್ ಹೊಲಿದೀನಿ. ಶರ್ಟೇನೋ ಆಗಿದೆ, ಮೈಗೆ ಹಿಡೀತಿಲ್ಲ."

"ಕಾರ್ಡಿಗ್ ಬಂದ್ರೆ ಶರ್ಟ್ ಹೊಲೀತಾ ಕೂತವ್ರಲ್ಲಮ್ಮ ನಿಮ್ ಮೇಷ್ಟ್ರು."

ಶಮೀಮ್ ನಗಲಿಲ್ಲ. ಅವರು ಬೀದಿಯ ಕಡೆ ನೋಡುತ್ತಿದ್ದರು. ಬೇರೆ ಅಂಗಡಿಯಲ್ಲಿ ಕತ್ತರಿಸಿಕೊಡಲು ಕೇಳಿ ನೋಡಿದ್ದರು. ಮದುವೆ ಕಾಲ, ಯಾರ ಯಂತ್ರವೂ ಬಿಡುವಾಗಿರಲಿಲ್ಲ. ನನ್ನ ಅರ್ಧ ಗಂಟೆ ಆಗಲೇ ಊಟದ ಹೊತ್ತನ್ನೂ ದಾಟಿತ್ತು.

ಕೊನೆಗೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ಕಂಪ್ಯೂಟರನ್ನೇ ಕೇಳಿದೆ. ಅದು ಕೊಟ್ಟ ನಂಬರ್ ನೋಡಿ ಕನ್ನಡಕ ಒರೆಸಿಕೊಂಡೆ. ತೀರಾ ಹಳೆಯದು. ಅದಾದ ಮೇಲೆ ಎಷ್ಟೋ ಹೊಸ ಕರ್ನಲ್‌ಗಳು ತಾವಾಗಿ ಬಂದು ಒಳಗೆ ಕೂತಿದ್ದವು, ಆದರೆ ಒಂದೂ ಓಡಿರಲಿಲ್ಲ. ಹೊಸ ಕರ್ನಲ್ ಕೆಲಸ ಶುರುಮಾಡುವುದು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಾಗ ಮಾತ್ರ.

"ಶಮೀಮ್, ಇದನ್ನ ಕೊನೇ ಸಲ ಆಫ್ ಮಾಡಿದ್ದು ಯಾವಾಗ?"

"ಆಫ್ ಯಾಕ್ ಮಾಡ್ಲಿ ಸರ್?"

"ಮತ್ತೆ ದಿನಾ ಅಂಗಡಿ ಮುಚ್ಚೋವಾಗ?"

"ಮಲಗಿಸ್ತೀನಿ. ಮೇಲೆ ಬಟ್ಟೆ ಹೊದಿಸಿ ಹೋಗ್ತೀನಿ. ಬೆಳಗ್ಗೆ ಒಂದ್ ಬಟನ್ ತಟ್ಟಿದ್ರೆ ಏಳ್ತದೆ. ನೀವೇ ತಾನೆ ಹೇಳಿದ್ದು, ಆಫ್ ಮಾಡ್ಬೇಡಿ ಅಂತ."

ನಾನು ಹಾಗೆ ಹೇಳಿರಲು ಸಾಧ್ಯವೇ ಇಲ್ಲ. ವಾರಕ್ಕೊಮ್ಮೆ ಆರಿಸಿ ಹಚ್ಚಿ ಎಂದು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಆಗ ನಾನು ಎಲ್ಲಿ ನಿಂತಿದ್ದೆ ಎಂಬುದೂ ನೆನಪಿದೆ. ಶಮೀಮ್‌ಗೂ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು. ನಾನು ನಿಂತಿರಲೇ ಇಲ್ಲ, ಸ್ಟೂಲಿನ ಮೇಲೆ ಕೂತಿದ್ದೆನಂತೆ. ಮನೆಗೆ ಹೋದ ಮೇಲೆ, ಲಿನಕ್ಸ್ ಹಾಕಿಕೊಟ್ಟ ದಿನದ ಡೈರಿಯಲ್ಲಿ ಏನಿದೆ ಎಂದು ನೋಡಿದೆ. "ತಟ್ಟೆ ಇಡ್ಲಿ ಚೆನ್ನಾಗಿತ್ತು, ಚಟ್ನಿ ಸುಮಾರು" ಎಂದು ಬರೆದಿದ್ದೆ. ಬೇರೇನೂ ಇರಲಿಲ್ಲ.

ಅವರು ಆರಿಸದೆ ಇರುವುದಕ್ಕೆ ಇನ್ನೊಂದು ಕಾರಣವಿತ್ತು. ಹಿಂದೊಮ್ಮೆ ಕರೆಂಟು ಹೋಗಿ ಅವರ ಹಳೆಯ ಕಂಪ್ಯೂಟರ್ ಆರಿದ್ದು ಮತ್ತೆ ಏಳಲೇ ಇಲ್ಲ. ಒಂದು ಮದುವೆಯ ಕಾರ್ಡಿನ ವಿನ್ಯಾಸವೆಲ್ಲ ಅದರೊಳಗೇ ಹೋಯಿತು. ಅಂದಿನಿಂದ ಊಟ ಬಿಟ್ಟು ಉಳಿಸಿದ ಹಣದಲ್ಲಿ ಬ್ಯಾಟರಿ ಹಾಕಿಸಿ, ಕಂಪ್ಯೂಟರ್ ಆರದಂತೆ ಕಾಯುತ್ತಿದ್ದರು. ಈಗ ನಾನೇ ಬಂದು ಆರಿಸಿ ಎನ್ನುತ್ತಿದ್ದೆ. ಬೇರೆ ದಾರಿ ಇದ್ದಿದ್ದರೆ ಕೇಳುತ್ತಿರಲಿಲ್ಲ. ಓಡುತ್ತಿದ್ದ ಹಳೆಯ ಕರ್ನಲ್‌ನ ಹೆಡರ್ ಹುಡುಕಿದೆ. ಅದು ಎಷ್ಟು ಹಳತೆಂದರೆ ಅದನ್ನು ಕೊಡುವುದನ್ನೇ ನಿಲ್ಲಿಸಿದ್ದರು.

"ಅಂದ್ರೆ ಹಿಂಗೆ ಅನ್ನಿ," ಎಂದರು ಕೆಂಪಣ್ಣ. "ಮಗ ಬಂದು ಬಾಗ್ಲಲ್ಲಿ ನಿಂತವ್ನೆ. ಅಪ್ಪ ಕುರ್ಚಿ ಬುಡ್ತಿಲ್ಲ. ನೀವು ಮಗನ ಅಳತೆ ಶರ್ಟ್ ಹೊಲ್ದು ಅಪ್ಪನ್ಗೆ ಹಾಕ್ತಿದೀರಿ."

"ಹೂಂ, ಹಂಗೇ."

"ಹಂಗಾರೆ ಅಪ್ಪನ್ನ ಎಬ್ಬಿಸಿ ಅತ್ಲಾಗೆ."

"ಎಬ್ಬಿಸಿದ್ ಮೇಲೆ ಮಗನೂ ಬರ್ಲಿಲ್ಲ ಅಂದ್ರೆ?" ಎಂದರು ಶಮೀಮ್. "ಈ ಸೀಸನ್ ಪೂರ್ತಿ ಇದ್ರಲ್ಲೇ ಐತೆ ಕೆಂಪಣ್ಣ. ನಿಮ್ ನವಿಲೂ ಇದ್ರಲ್ಲೇ."

ನಾನು ಜೇಬಿನಲ್ಲಿದ್ದ ಪೆನ್ ಡ್ರೈವ್ ತೆಗೆದು, ಅದರಲ್ಲಿದ್ದ ನನ್ನ ಪಾಠದ ಟಿಪ್ಪಣಿಗಳನ್ನು ಅಳಿಸಿ, ಶಮೀಮ್ ಅವರ ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಿದೆ. ಅದನ್ನು ಅವರ ಕೈಗೆ ಕೊಟ್ಟೆ. ಅವರು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ನಾನು ಕುರ್ಚಿ ಬಿಟ್ಟು ಎದ್ದೆ. ಅವರ ಕಂಪ್ಯೂಟರು, ಒತ್ತಿದರೆ ಅವರೇ ಒತ್ತಬೇಕು ಎನಿಸಿತು. ಶಮೀಮ್ ಬಿಸ್ಮಿಲ್ಲಾ ಎಂದು ಬೆರಳು ಇಟ್ಟದ್ದು, ಬಳೆ ಮೇಜಿಗೆ ತಗುಲಿ ಸದ್ದಾದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪರದೆ ಕಪ್ಪಾಯಿತು. ಎಷ್ಟು ಹೊತ್ತು ಕಪ್ಪಾಗಿತ್ತು ಎಂದು ಕೇಳಬೇಡಿ. ಅದು ಬಹಳ ದಿನ ಆರದೆ ಇದ್ದ ಯಂತ್ರ, ಎದ್ದೊಡನೆ ತನ್ನ ಡಿಸ್ಕನ್ನೆಲ್ಲ ಪರೀಕ್ಷೆ ಮಾಡಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆಗ ಉಪಯೋಗಕ್ಕೆ ಬರಲಿಲ್ಲ. ಬೀದಿಯಲ್ಲಿ ಆಟೋದವನೊಬ್ಬ ಗೂಳೂರಿಗೆ ಜನರನ್ನು ಕೂಗಿ ಕರೆಯುತ್ತಿದ್ದ. ಹೋಗಿ ಅದರಲ್ಲಿ ಕೂತುಬಿಡೋಣವೇ ಎನಿಸಿತು. ಗೂಳೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

"ಬಂತು," ಎಂದರು ಕೆಂಪಣ್ಣ.

ಪರದೆಯ ಮೂಲೆಯಲ್ಲಿ ಚುಕ್ಕಿಯೊಂದು ಮಿನುಗಿತು. ಆಮೇಲೆ ಅಕ್ಷರಗಳು, ಆಮೇಲೆ ಶಮೀಮ್ ಅವರು ಹಾಕಿಕೊಂಡಿದ್ದ ಗುಲಾಬಿಯ ಚಿತ್ರ. ಕರ್ನಲ್ ನಂಬರ್ ಕೇಳಿದೆ. ಹೊಸತು, ನಾನು ಹಾಕಿದ್ದ ಹೆಡರಿನ ನಂಬರ್ ಅದೇ. ಡ್ರೈವರ್ ಒಂದು ಮಾತೂ ಆಡದೆ ಒಳಗೆ ಹೋಗಿ ಕೂತಿತು. ಲೇಸರ್ ಯಂತ್ರದ ತಲೆ ಒಮ್ಮೆ ಅಲುಗಿ, ಮೂಲೆಗೆ ಸರಿದು, ನವಿಲಿನ ಕೊಕ್ಕಿನಿಂದ ಶುರುಮಾಡಿತು. ಕಂದಿದ ಕಾಗದದ ವಾಸನೆ ಅಂಗಡಿ ತುಂಬಿತು. ಬೆಳಗ್ಗೆಯಿಂದ ಟೀ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲವೆಂಬುದು ಆ ವಾಸನೆಗೆ ನಮಗೆ ಮೂವರಿಗೂ ಒಟ್ಟಿಗೆ ಗೊತ್ತಾಯಿತು.

ಮೊದಲ ಕಾರ್ಡು ಹೊರಗೆ ಬಂದಾಗ ಶಮೀಮ್ ಖಾನೆಯಿಂದ ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಅರಿಶಿನ. ಇಂಥ ಗಿರಾಕಿಗಳಿಗೆಂದೇ ಇಟ್ಟಿರುತ್ತಾರೆ. ನಾಲ್ಕು ಮೂಲೆಗೂ ಹಚ್ಚಿ ಕೊಟ್ಟರು. ಕೆಂಪಣ್ಣ ಅದನ್ನು ಟವೆಲಿನಲ್ಲಿ ಸುತ್ತಿ ಬೇರೆಯಾಗಿ ಇಟ್ಟುಕೊಂಡರು. ಉಳಿದವು ಬ್ಯಾಗಿಗೆ ಸೇರಿದವು. ಬಸ್ಸಿಗೆ ಹೊರಡುವಾಗ ನನ್ನ ಕಡೆ ತಿರುಗಿ, "ಮದ್ವೆಗ್ ಬನ್ನಿ ಸಾ. ಶರ್ಟ್ ಮಾತ್ರ ನಿಮ್ದೇ ಹಾಕ್ಕೊಂಡ್ ಬನ್ನಿ," ಎಂದರು. ಹೋಗಿದ್ದೆ. ಹೋಳಿಗೆಯೂ ಚೆನ್ನಾಗಿತ್ತು, ಇದು ಡೈರಿಯಲ್ಲಿದೆ.

ಇವತ್ತು ಕಾರ್ಡು ಮೂಸಿಯಾದ ಮೇಲೆ, ಬರುತ್ತೇನೆಂದು ಹೇಳಲು ಕೆಂಪಣ್ಣನವರಿಗೆ ಫೋನು ಮಾಡಿದೆ. ಆ ಭಾನುವಾರದ ಮಾತು ಬಂತು.

"ಮರೀತೀನಾ ಸಾ? ನೀವ್ ಬಟನ್ ಒತ್ತೋಕ್ ಮುಂಚೆ ಎಷ್ಟ್ ಸಲ ಕನ್ನಡಕ ಒರೆಸ್ಕೊಂಡ್ರಿ."

"ನಾನಲ್ಲ, ಶಮೀಮ್ ಒತ್ತಿದ್ದು."

"ಎಲ್ ಬುಡಿ ಸಾ. ನಾನ್ ಪಕ್ಕದಾಗೇ ನಿಂತಿದ್ನಲ್ಲ."

ಫೋನಿಟ್ಟು ಶಮೀಮ್‌ಗೆ ಮಾಡಿದೆ. ಅವರು ಸ್ವಲ್ಪವೂ ಯೋಚಿಸಲಿಲ್ಲ. "ಕೆಂಪಣ್ಣ ಒತ್ತಿದ್ದು ಸರ್. ನಾವಿಬ್ರೂ ನೀವೊತ್ತಿ ನೀವೊತ್ತಿ ಅಂತಿದ್ವಿ, ಅವ್ರಿಗೆ ಬಸ್ಸಿನ ಚಿಂತೆ, ಬಂದು ಒತ್ಬಿಟ್ರು. ನಾನು ಕಣ್ ಮುಚ್ಕೊಂಡಿದ್ದೆ."

"ಕಣ್ ಮುಚ್ಕೊಂಡಿದ್ರೆ ಅವ್ರೇ ಅಂತ ಹೆಂಗ್ ಗೊತ್ತಾಯ್ತು?"

"ನೀವಾಗಿದ್ರೆ ಮೊದ್ಲು ಕೆಮ್ತಿದ್ರಿ."

ಈಗ ಪ್ರತಿ ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಆರಿಸುತ್ತಾರಂತೆ. ಆ ಪೆನ್ ಡ್ರೈವ್ ಇನ್ನೂ ಅವರ ಬಳಿಯೇ ಇದೆ, ಕೊಡುವುದಿಲ್ಲವಂತೆ.

ಮೊದಲಾಗಿದ್ದರೆ ನಾನು ಇಡೀ ದಿನ ಕೂತು ಯಾರದು ಸರಿ ಎಂದು ಕೊರಗುತ್ತಿದ್ದೆ. ಬಳೆಯ ಸದ್ದು ಕೇಳಿದವನು ನಾನು. ಆ ಸದ್ದನ್ನು ಎಲ್ಲಿಂದ ತಂದು ಸೇರಿಸಿಕೊಂಡೆನೋ ಈಗ ಹೇಳಲಾರೆ. ಡೈರಿ ತೆಗೆದು, ಮೂವರು ಹೇಳಿದ್ದನ್ನೂ ಒಂದರ ಕೆಳಗೆ ಒಂದು ಬರೆದೆ. ಯಾವುದನ್ನೂ ಹೊಡೆದು ಹಾಕಲಿಲ್ಲ. ಕೆಳಗೆ, ಯಂತ್ರ ಎದ್ದಿತು ಎಂದು ಬರೆದೆ. ಅದರಲ್ಲಿ ಯಾರ ತಕರಾರೂ ಇಲ್ಲ.

ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಮುಚ್ಚಿಕೊಂಡು ಮಲಗಿತ್ತು. ತೆರೆದರೆ, ಹೊಸ ಕರ್ನಲ್ ಬಂದು ಕಾಯುತ್ತಿದೆ ಎಂಬ ಸೂಚನೆ ಎಂದಿನಂತೆ ಮೂಲೆಯಲ್ಲಿ. ಅದನ್ನು ನಾನು ಎಷ್ಟು ದಿನದಿಂದ ಪಕ್ಕಕ್ಕೆ ಸರಿಸುತ್ತಿದ್ದೆನೋ, ಶಮೀಮ್‌ಗೆ ತಿಳಿಯದಿದ್ದರೆ ಸಾಕು. ಆರಿಸಿ ಹಚ್ಚುವ ಬಟನ್ ಒತ್ತಿದೆ. ಪರದೆ ಕಪ್ಪಾಯಿತು. ನಾನು ಚಪ್ಪಲಿ ಮೆಟ್ಟಿ, ಕೆಂಪಣ್ಣನವರ ಮೊಮ್ಮಗಳಿಗೆ ಒಂದು ಗಿಲಕಿ ತರಲು ಹೊರಟೆ. ಲ್ಯಾಪ್‌ಟಾಪ್ ಏಳುವುದನ್ನು ನೋಡಲು ನಿಲ್ಲಲಿಲ್ಲ.