ಹತ್ತು ಸಾವಿರದ ಒಂದು ಸಸಿ

ಹಂಗಳದ ಚಿಕ್ಕಮಲ್ಲಮ್ಮ ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೂ ಚೆಂಡುಹೂವಿನ ಸಸಿ ನೆಡುವ ಹೆಂಗಸರ ಗುಂಪಿಗೆ ಮೂವತ್ತು ವರ್ಷದಿಂದ ಅವಳೇ ಮುಂದಾಳು. ಬದುವಿನ ಮೇಲೆ ನಿಂತು ಇಷ್ಟು ಸಾಲು, ಸಾಲಿಗಿಷ್ಟು ಸಸಿ ಅಂದಳೆಂದರೆ ಮುಗಿಯಿತು, ಟ್ರೇನಲ್ಲಿ ಒಂದೂ ಮಿಗುತ್ತಿರಲಿಲ್ಲ.

ಈ ಸಲ ಜಮೀನಿನ ಯಜಮಾನರು ಪುಟ್ಟಮಲ್ಲಪ್ಪನವರು ಮಾದಪ್ಪನ ಹರಕೆಯ ಹೂವಿಗೆ ಅವಳನ್ನು ಕರೆಸಿದರು. ಅವರ ಮನೆತನದಲ್ಲಿ ಹರಕೆಯ ಸಾಲು ಕುಂಟಬಾರದು. ಎಲ್ಲ ಸಾಲೂ ಒಂದೇ ಸಮ ಇರಬೇಕು, ಸಸಿಯೂ ಉಳಿಯಬಾರದು. ಹತ್ತು ಸಾವಿರವಾದರೆ ನೂರು ಸಾಲು, ಸಾಲಿಗೆ ನೂರು, ಕಣ್ಣು ಮುಚ್ಚಿಕೊಂಡು ನೆಡಬಹುದಿತ್ತು. ಆದರೆ ಸೊನ್ನೆಯಲ್ಲಿ ಮುಗಿಸಬಾರದೆಂದು, ಮುಯ್ಯಿಗೆ ಒಂದು ರೂಪಾಯಿ ಸೇರಿಸುವ ಹಾಗೆ ಅವರು ಒಂದು ಸಸಿ ಸೇರಿಸಿ ದೇವರ ಮುಂದೆ ಹೇಳಿಬಿಟ್ಟಿದ್ದರು. ಆಡಿದ ಮಾತು ಬದಲಿಸುವಂತಿಲ್ಲ. ಊಟದ ಹೊತ್ತಿನೊಳಗೆ ಸಾಲು ಹೇಳದಿದ್ದರೆ ಕೆಲಸ ಉಡಿಗಾಲ ಊರಿನ ಹೆಂಗಸರ ಗುಂಪಿಗೆ ಎಂದರು.

ಚಿಕ್ಕಮಲ್ಲಮ್ಮ ಸೊಸೆ ಭಾಗ್ಯಳನ್ನು ಬದುವಿನ ಮೇಲೆ ಕೂರಿಸಿ ಮೊಬೈಲು ತೆಗೆಸಿದಳು. ಹತ್ತು ಸಾವಿರದ ಒಂದನ್ನು ಅದರಲ್ಲಿ ಭಾಗಿಸಿದಾಗ ಚುಕ್ಕಿ ಬಂದರೆ ಸಸಿ ಮಿಕ್ಕಿತು ಎಂದು ಅರ್ಥ. ಎರಡಕ್ಕೆ ಚುಕ್ಕಿ, ಮೂರಕ್ಕೆ ಚುಕ್ಕಿ. ನಾಲ್ಕನ್ನು ಒತ್ತಹೋದ ಸೊಸೆಯನ್ನು ತಡೆದು, ಎರಡಕ್ಕೇ ಬಗ್ಗದ್ದು ನಾಲ್ಕಕ್ಕೆ ಬಗ್ಗುತ್ತದೆಯೇ ಎಂದಳು. ಹಾಗೇ ಆರು, ಒಂಬತ್ತನ್ನೂ ಒತ್ತದೆ ಬಿಡಿಸಿದಳು. ಐದು, ಏಳು, ಹನ್ನೊಂದು, ಹದಿಮೂರು, ಎಲ್ಲಕ್ಕೂ ಚುಕ್ಕಿಯೇ. ಹತ್ತು ಸಾವಿರದವರೆಗೂ ಒತ್ತುತ್ತಾ ಕೂರಬೇಕೇ ಎಂದು ಭಾಗ್ಯ ಸುಸ್ತಾದಳು.

"ನೂರ್ಗಂಟ ಸಾಕು. ಸಾಲಿಗೆ ನೂರಕ್ಕಿಂತ ಜಾಸ್ತಿ ಇಟ್ರೆ ಸಾಲು ನೂರಕ್ಕಿಂತ ಕಮ್ಮಿ ಆಯ್ತವೆ ಕಣವ್ವ. ಆ ಕಮ್ಮಿದ್ನ ಆಗ್ಲೇ ನೋಡಾಗಿರ್ತದೆ."

ಭಾಗ್ಯ ಅತ್ತೆಯ ಮುಖವನ್ನೇ ನೋಡಿದಳು. ಎಸ್ಸೆಸ್ಸೆಲ್ಸಿ ಓದಿದ್ದ ತನಗೆ ಇದು ಹೊಳೆದಿರಲಿಲ್ಲ. ಅರವತ್ತು ದಾಟುವ ಹೊತ್ತಿಗೆ ಅವಳು ಒತ್ತುವುದನ್ನು ನಿಲ್ಲಿಸಿದಳು.

"ಅತ್ತೆ, ಯಾವುದಕ್ಕೂ ಬಗ್ಗದ ಸಂಖ್ಯೆ ಇರ್ತವೆ. ಅವಿಭಾಜ್ಯ ಅಂತಾರೆ. ಇದೂ ಆ ಜಾತೀದಾದ್ರೆ?"

"ಆಗ ಒಂದೇ ಸಾಲು ನೆಡನ ಬುಡು. ಅದು ಉದ್ದಕ್ಕೆ ಕಾಡ್ಗಂಟ ಓಯ್ತದೆ, ಆನೇನೇ ನೀರ್ ಉಯ್ತದೆ."

ಅರವತ್ತೇಳಕ್ಕೆ ಚುಕ್ಕಿ. ಎಪ್ಪತ್ತೊಂದಕ್ಕೂ ಚುಕ್ಕಿ. ಎಪ್ಪತ್ತಮೂರು ಒತ್ತಿದ ಭಾಗ್ಯಳ ಬೆರಳು ಅಲ್ಲೇ ನಿಂತಿತು. ಪರದೆಯ ಮೇಲೆ ನೂರ ಮೂವತ್ತೇಳು. ಚುಕ್ಕಿ ಇಲ್ಲ. ನಂಬದೆ ಮೂರು ಸಲ ಒತ್ತಿಸಿ, ನೂರರವರೆಗೆ ಉಳಿದವಕ್ಕೆಲ್ಲ ಚುಕ್ಕಿಯೇ ಎಂದು ಖಚಿತ ಮಾಡಿಕೊಂಡ ಚಿಕ್ಕಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು, ಮಂಡಿ ನೋವನ್ನೂ ಮರೆತು ಯಜಮಾನರ ಜಗಲಿಗೆ ಓಡಿದಳು.

ಎಪ್ಪತ್ತಮೂರು ಸಾಲು, ಸಾಲಿಗೆ ನೂರ ಮೂವತ್ತೇಳು ಎಂದದ್ದನ್ನು ಪುಟ್ಟಮಲ್ಲಪ್ಪನವರು ತಾವೇ ಕಾಗದದ ಮೇಲೆ ಗುಣಿಸಿ ನೋಡಿದರು. ಸರಿಹೋಯಿತು. ಎಂಬತ್ತು ಸಾಲು ಮಾಡಲಾಗದೇ ಎಂದು ಕೇಳಿದ್ದಕ್ಕೆ, ಸಾಲು ಉದ್ದಕ್ಕೆ ಹಿಡಿದರೂ ಅಡ್ಡಕ್ಕೆ ಹಿಡಿದರೂ ಈ ಸಂಖ್ಯೆಗೆ ಇದೊಂದೇ ದಾರಿ ಎಂದಳು ಚಿಕ್ಕಮಲ್ಲಮ್ಮ.

ಮಾರನೇ ದಿನ ಸಂಜೆ ಎಪ್ಪತ್ತಮೂರನೇ ಸಾಲಿನ ಕೊನೆಯ ಗುಣಿಗೆ ಕೊನೆಯ ಸಸಿ ಇಳಿಯಿತು. ಚಿಕ್ಕಮಲ್ಲಮ್ಮ ಖಾಲಿ ಟ್ರೇಯನ್ನು ಯಜಮಾನರ ಮುಂದೆ ಕವುಚಿ ಹಿಡಿದಳು.

"ಮುಂದಿನ ಸಲ ಮಾದಪ್ಪನಿಗೆ ಹೇಳೋಕ್ ಮುಂಚೆ ನಂಗೊಂದ್ ಮಾತು ಹೇಳಿ, ಯಜಮಾನ್ರೆ."